ಕಡಲು ನಾಲ್ಕು ಮಕ್ಕಳನ್ನು ಕೊಂಡೊಯ್ದ ಮೇಲೆ: ಹೊರೇಷಿಯೊ ಸ್ಪಾಫರ್ಡ್ ಬದುಕು

ಹೊರದೇಶದಲ್ಲಿ ದುಡಿಯುವವರ ಮನೆಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ರಿಂಗಾದರೆ ಎದೆ ಧಸಕ್ಕೆನ್ನುತ್ತದೆ. ಊರಿನಲ್ಲಿರುವವರಿಗೆ ಮಗನದೋ ಗಂಡನದೋ ಚಿಂತೆ. ಇಲ್ಲಿರುವವರಿಗೆ ವಯಸ್ಸಾದ ಅಪ್ಪ ಅಮ್ಮನ ಚಿಂತೆ. ನಡುವೆ ಕಡಲಿರುವುದರಿಂದ ಸುದ್ದಿ ಬಂದ ಕೂಡಲೇ ಎದ್ದು ಓಡಲು ಆಗುವುದಿಲ್ಲ. ಟಿಕೆಟ್ ಸಿಗಬೇಕು, ರಜೆ ಸಿಗಬೇಕು, ಕಾಗದಪತ್ರ ಆಗಬೇಕು. ಅಷ್ಟರಲ್ಲಿ ಮಣ್ಣು ಮುಗಿದಿರುತ್ತದೆ.

150 ವರ್ಷಗಳ ಹಿಂದೆ ಫೋನ್ ಇರಲಿಲ್ಲ, ತಂತಿ ಇತ್ತು. 1873ರ ಡಿಸೆಂಬರ್ ಮೊದಲ ವಾರದಲ್ಲಿ ಅಮೆರಿಕದ ಷಿಕಾಗೊ ನಗರದ ಒಬ್ಬ ವಕೀಲರಿಗೆ ಬ್ರಿಟನ್ನಿನ ಕಾರ್ಡಿಫ್ ಬಂದರಿನಿಂದ ಹೆಂಡತಿಯ ತಂತಿ ಬಂತು. ತಾನೊಬ್ಬಳೇ ಉಳಿದಿದ್ದೇನೆ ಎಂಬುದು ಅದರ ತಾತ್ಪರ್ಯ. ಹೆಂಡತಿಯ ಜೊತೆ ಹಡಗು ಹತ್ತಿದ್ದವರು ನಾಲ್ವರು ಹೆಣ್ಣುಮಕ್ಕಳು. ಆ ವಕೀಲರ ಹೆಸರು ಹೊರೇಷಿಯೊ ಗೇಟ್ಸ್ ಸ್ಪಾಫರ್ಡ್.

ಅವರ ಹೆಸರು ಗೊತ್ತಿಲ್ಲದವರೂ ಅವರ ಹಾಡು ಕೇಳಿರಬಹುದು. ‘ಇಟ್ ಈಸ್ ವೆಲ್ ವಿತ್ ಮೈ ಸೋಲ್’ ಎಂಬ ಆ ಇಂಗ್ಲಿಷ್ ಕೀರ್ತನೆಯನ್ನು ಜಗತ್ತಿನ ಅನೇಕ ಚರ್ಚುಗಳಲ್ಲಿ ಶವಸಂಸ್ಕಾರದ ಹೊತ್ತಿಗೆ ಹಾಡುತ್ತಾರೆ. ಗಲ್ಫ್ ದೇಶಗಳ ಚರ್ಚುಗಳಲ್ಲಿ ನಮ್ಮ ಕರಾವಳಿಯವರು, ಮಲಯಾಳಿಗಳು, ಫಿಲಿಪ್ಪೀನ್ಸ್‌ನವರು ಒಟ್ಟಿಗೆ ನಿಂತು ಹಾಡುವ ಹಾಡುಗಳಲ್ಲಿ ಅದೂ ಒಂದು. ಆದರೆ ಹಾಡು ಬರೆದವರ ಬದುಕನ್ನು ಹೇಳುವಾಗ ಅದನ್ನು ಬಹಳ ಸುಲಭ ಮಾಡಿ ಹೇಳುವುದೇ ಹೆಚ್ಚು. ಮಕ್ಕಳು ಸತ್ತರು, ಅಪ್ಪ ಹಡಗಿನಲ್ಲೇ ಕೂತು ಹಾಡು ಬರೆದರು, ಮನಸ್ಸಿಗೆ ಸಮಾಧಾನವಾಯಿತು ಎಂದು ಮುಗಿಸಿಬಿಡುತ್ತಾರೆ. ನಿಜವಾದ ಬದುಕು ಅಷ್ಟು ಬೇಗ ಮುಗಿಯಲಿಲ್ಲ.

ವಕೀಲ, ಸಭಾಹಿರಿಯ, ಹೂಡಿಕೆದಾರ

ಸ್ಪಾಫರ್ಡ್ ಹುಟ್ಟಿದ್ದು 1828ರ ಅಕ್ಟೋಬರ್ 20ರಂದು, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪ್ರದೇಶದಲ್ಲಿ. ತಂದೆಯ ಹೆಸರೂ ಹೊರೇಷಿಯೊ ಗೇಟ್ಸ್ ಸ್ಪಾಫರ್ಡ್ ಎಂದೇ. ನ್ಯೂಯಾರ್ಕ್ ರಾಜ್ಯದ ಊರುಕೇರಿಗಳ ವಿವರ ಕೊಡುವ ಗೆಜೆಟಿಯರ್ ಬರೆದವರು ಅವರು. ಮಗ ಕಾನೂನು ಓದಿ, ಆಗ ವೇಗವಾಗಿ ಬೆಳೆಯುತ್ತಿದ್ದ ಷಿಕಾಗೊಗೆ ಬಂದು ವಕೀಲಿಕೆ ಶುರುಮಾಡಿದರು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಾನೂನು ಪಾಠವನ್ನೂ ಹೇಳಿದರು. ಪ್ರೆಸ್‌ಬಿಟೇರಿಯನ್ ಚರ್ಚಿನಲ್ಲಿ ಸಭಾಹಿರಿಯರಾಗಿದ್ದರು. ಪ್ರಸಿದ್ಧ ಬೋಧಕ ಡಿ.ಎಲ್. ಮೂಡಿ ಅವರ ಗೆಳೆಯರಾಗಿದ್ದರು.

ಹೆಂಡತಿ ಅನ್ನಾ ವಲಸಿಗರ ಮಗಳು. 1842ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನೆಯವರ ಜೊತೆ ಅಮೆರಿಕಕ್ಕೆ ಬಂದವರು. ಹೊಸ ದೇಶದಲ್ಲಿ ಕಾಲೂರುವ ಮೊದಲೇ ತಾಯಿಯನ್ನು ಕಳೆದುಕೊಂಡರು, ಆಮೇಲೆ ತಂದೆಯೂ ಹೋದರು. ಸ್ಪಾಫರ್ಡ್ ಪಾಠ ಮಾಡುತ್ತಿದ್ದ ಸಂಡೆ ಸ್ಕೂಲಿಗೆ ಬಂದ ಈ ಹುಡುಗಿ ಅವರಿಗಿಂತ 13 ವರ್ಷ ಚಿಕ್ಕವರು. 1861ರಲ್ಲಿ ಮದುವೆಯಾಯಿತು. ಷಿಕಾಗೊದ ಉತ್ತರಕ್ಕೆ ಲೇಕ್ ವ್ಯೂ ಎಂಬಲ್ಲಿ ಮನೆ ಮಾಡಿದರು. ಆನಿ, ಮ್ಯಾಗಿ, ಬೆಸ್ಸಿ, ಟನೆಟ್ಟಾ ಎಂದು ನಾಲ್ಕು ಹೆಣ್ಣುಮಕ್ಕಳಾದರು.

ನಗರ ಬೆಳೆಯುತ್ತಿದೆ, ಜಾಗದ ಬೆಲೆ ಏರುತ್ತದೆ ಎಂದು ಸ್ಪಾಫರ್ಡ್ ಭೂಮಿಯ ಮೇಲೆ ದೊಡ್ಡ ಮೊತ್ತ ಹೂಡಿದರು. 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೊಗೆ ಬೆಂಕಿ ಬಿತ್ತು. ಎರಡು ದಿನ ಉರಿದ ಆ ಬೆಂಕಿಯಲ್ಲಿ ಸುಮಾರು 300 ಜನ ಸತ್ತರು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಊರ ಹೊರಗಿದ್ದ ಸ್ಪಾಫರ್ಡ್ ಮನೆ ಉಳಿಯಿತು, ಹೂಡಿಕೆ ಉಳಿಯಲಿಲ್ಲ. ಉಳಿದ ಮನೆಯಲ್ಲಿ ದಂಪತಿ ನಿರಾಶ್ರಿತರಿಗೆ ಜಾಗ ಕೊಟ್ಟರು. ಎರಡು ವರ್ಷ ಕಳೆಯುವಷ್ಟರಲ್ಲಿ, 1873ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಹೆಸರಾಂತ ಬ್ಯಾಂಕೊಂದು ಬಾಗಿಲು ಹಾಕಿ ದೇಶವೇ ಆರ್ಥಿಕ ಕುಸಿತಕ್ಕೆ ಸಿಕ್ಕಿತು.

12 ನಿಮಿಷ

ಆ ವರ್ಷದ ಕೊನೆಯಲ್ಲಿ ಸ್ಪಾಫರ್ಡ್ ಕುಟುಂಬ ಯುರೋಪಿಗೆ ಹೋಗಲು ನಿರ್ಧರಿಸಿತು. ಮೂಡಿ ಅವರು ಆಗ ಬ್ರಿಟನ್ನಿನಲ್ಲಿ ಸಭೆಗಳನ್ನು ನಡೆಸುತ್ತಿದ್ದರು. ಹೊರಡುವ ಹೊತ್ತಿಗೆ ವ್ಯವಹಾರದ ಕೆಲಸವೊಂದು ಅಡ್ಡ ಬಂತು. ಹೆಂಡತಿ ಮಕ್ಕಳು ಮೊದಲು ಹೋಗಲಿ, ಕೆಲಸ ಮುಗಿಸಿ ತಾನು ಹಿಂದಿನಿಂದ ಬರುತ್ತೇನೆ ಎಂದು ಸ್ಪಾಫರ್ಡ್ ಉಳಿದುಕೊಂಡರು. ಈ ಏರ್ಪಾಡು ನಮ್ಮ ಮನೆಗಳಿಗೆ ಹೊಸದಲ್ಲ. ವೀಸಾ, ಶಾಲೆಯ ರಜೆ, ಕಂಪನಿಯ ಕೆಲಸ ಒಂದಕ್ಕೊಂದು ಹೊಂದದೆ ಗಂಡ ಒಂದು ವಿಮಾನ, ಹೆಂಡತಿ ಮಕ್ಕಳು ಇನ್ನೊಂದು ವಿಮಾನ ಎಂದು ಪ್ರತಿ ಬೇಸಿಗೆಯಲ್ಲೂ ಎಷ್ಟೋ ಕುಟುಂಬಗಳು ಹಂಚಿ ಹೋಗುತ್ತವೆ.

‘ವಿಲ್ ದ್ಯು ಹಾವ್ರ್’ ಎಂಬ ಫ್ರೆಂಚ್ ಸ್ಟೀಮರ್ ನವೆಂಬರ್ 15ರಂದು ನ್ಯೂಯಾರ್ಕ್ ಬಿಟ್ಟಿತು. ನವೆಂಬರ್ 22ರ ನಸುಕಿನಲ್ಲಿ, ಎಲ್ಲರೂ ಮಲಗಿದ್ದಾಗ, ಅಟ್ಲಾಂಟಿಕ್ ನಡುವೆ ‘ಲಾಖ್ ಅರ್ನ್’ ಎಂಬ ಕಬ್ಬಿಣದ ಹಾಯಿಹಡಗಿಗೂ ಅದಕ್ಕೂ ಡಿಕ್ಕಿಯಾಯಿತು. ಸ್ಟೀಮರ್ 12 ನಿಮಿಷದಲ್ಲಿ ಮುಳುಗಿತು. 226 ಜನ ಸತ್ತರು, ಉಳಿದವರು 87 ಮಂದಿ. ಆನಿಗೆ 11 ವರ್ಷ, ಮ್ಯಾಗಿಗೆ 9, ಬೆಸ್ಸಿಗೆ 5, ಟನೆಟ್ಟಾಗೆ 2. ನಾಲ್ವರೂ ಹೋದರು. ಪ್ರಜ್ಞೆ ತಪ್ಪಿ ಹಲಗೆಯೊಂದರ ಮೇಲೆ ತೇಲುತ್ತಿದ್ದ ಅನ್ನಾ ಅವರನ್ನು ದೋಣಿಯವರು ಎತ್ತಿದರು. ಬದುಕುಳಿದವರನ್ನು ಇನ್ನೊಂದು ಹಡಗು ಕಾರ್ಡಿಫ್‌ಗೆ ಮುಟ್ಟಿಸಿತು. ಆ ತಂತಿ ಹೊರಟದ್ದು ಅಲ್ಲಿಂದ.

ಸ್ಪಾಫರ್ಡ್ ಸಿಕ್ಕಿದ ಹಡಗು ಹತ್ತಿ ಹೆಂಡತಿಯನ್ನು ಕರೆತರಲು ಹೊರಟರು. ದಾರಿಯಲ್ಲಿ ಒಂದು ದಿನ ಕ್ಯಾಪ್ಟನ್ ಅವರನ್ನು ಕರೆದು, ಸ್ಟೀಮರ್ ಮುಳುಗಿದ ಜಾಗ ಹೆಚ್ಚುಕಡಿಮೆ ಇದೇ ಎಂದು ತಿಳಿಸಿದರಂತೆ. ಅಲ್ಲಿ ಹಣ್ಣುಕಾಯಿ ಮಾಡಲು ಗೋರಿಯಿಲ್ಲ, ಹೂವಿಡಲು ಶಿಲುಬೆಯಿಲ್ಲ. ನೀರು ಮಾತ್ರ.

ಹಾಡಿನ ಲೆಕ್ಕ

ಲೆಕ್ಕ ಪರಿಶೋಧನೆ ನನ್ನ ವೃತ್ತಿ. ತಾರೀಕು ತಾಳೆಯಾಗದಿದ್ದರೆ ಕೈ ತಾನಾಗಿ ನಿಲ್ಲುತ್ತದೆ. ಈ ಕಥೆಯಲ್ಲಿ ತಾಳೆಯಾಗದ ಎರಡು ವಿಷಯಗಳಿವೆ.

ಮೊದಲನೆಯದು ಹಾಡು ಹುಟ್ಟಿದ ಸಮಯ. ತಂದೆ ಅದನ್ನು ಕಡಲಿನ ಮೇಲೆಯೇ ಬರೆದರು ಎಂದು ಅನಂತರ ಹುಟ್ಟಿದ ಮಗಳು ಬರ್ತಾ ಬರೆದಿದ್ದಾರೆ. ಮೂಡಿ ಅವರ ಜೊತೆಗಾರ, ಗಾಯಕ ಐರಾ ಸ್ಯಾಂಕಿ ಅವರ ನೆನಪಿನ ಪ್ರಕಾರ ಅದು 1876ರಲ್ಲಿ, ಷಿಕಾಗೊದ ಮನೆಯಲ್ಲಿ ಬರೆದದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಹಸ್ತಪ್ರತಿ ಷಿಕಾಗೊದ ಹೋಟೆಲೊಂದರ ಹೆಸರು ಅಚ್ಚಾದ ಕಾಗದದ ಮೇಲಿದೆ. ಹಾಡು ಅಚ್ಚಾಗಿ ಜನರ ಕೈಗೆ ಬಂದದ್ದಂತೂ 1876ರಲ್ಲೇ. ಅಂದರೆ ಮಕ್ಕಳು ಹೋಗಿ ಮೂರು ವರ್ಷದ ಮೇಲೆ.

ಕಡಲಿನ ಮೇಲೆ ಒಂದೇ ರಾತ್ರಿಯಲ್ಲಿ ಬಂದ ಸಾಂತ್ವನಕ್ಕಿಂತ ಮೂರು ವರ್ಷ ಕಾದು ಬಂದ ಸಾಂತ್ವನ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಮಗುವನ್ನು ಮಣ್ಣಿಗಿಟ್ಟು ಬಂದ ತಾಯಿಗೆ ಅದೇ ದಿನ ಎಲ್ಲವೂ ದೇವರ ಚಿತ್ತ, ಅಳಬೇಡ ಎಂದು ಹೇಳುವವರು ನಮ್ಮಲ್ಲಿ ಬಹಳ ಜನ. ಬೈಬಲ್ ಹಾಗೆ ಹೇಳುವುದಿಲ್ಲ. ಲಾಜರನ ಸಮಾಧಿಯ ಮುಂದೆ, ಅವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಅತ್ತರು ಎಂದು ಯೋಹಾನನ ಸುವಾರ್ತೆ ಹೇಳುತ್ತದೆ. ಸಂತ ಪೌಲರು ಥೆಸಲೊನೀಕದವರಿಗೆ ಬರೆದ ಪತ್ರದಲ್ಲಿ ದುಃಖಪಡಲೇಬೇಡಿ ಎನ್ನುವುದಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಪಡಬೇಡಿ ಎನ್ನುತ್ತಾರೆ. ಸತ್ತವರು ಕ್ರಿಸ್ತನಲ್ಲಿ ನಿದ್ರೆ ಹೋದವರು, ಮತ್ತೆ ಎದ್ದು ಬರುವವರು, ಅಗಲಿಕೆ ಕೊನೆಯ ಮಾತಲ್ಲ ಎಂಬುದು ಕ್ರೈಸ್ತರ ನಿರೀಕ್ಷೆ. ಕಣ್ಣೀರಿಗೂ ಆ ನಿರೀಕ್ಷೆಗೂ ಜಗಳವಿಲ್ಲ.

ಹಾಡಿಗೆ ರಾಗ ಕೂಡಿಸಿದವರು ಫಿಲಿಪ್ ಬ್ಲಿಸ್. ಆ ರಾಗಕ್ಕೆ ಅವರು ಮುಳುಗಿದ ಹಡಗಿನ ಹೆಸರನ್ನೇ ಇಟ್ಟರು. 1876ರ ನವೆಂಬರ್‌ನಲ್ಲಿ ಷಿಕಾಗೊದ ಸಭೆಯೊಂದರಲ್ಲಿ ಮೊದಲು ಹಾಡಿದವರೂ ಅವರೇ. ಅದೇ ಡಿಸೆಂಬರ್ 29ರಂದು ಓಹಾಯೊ ರಾಜ್ಯದ ಆಷ್ಟಬ್ಯೂಲಾದಲ್ಲಿ ಸೇತುವೆ ಕುಸಿದು ರೈಲು ನದಿಗೆ ಬಿದ್ದಾಗ ಬ್ಲಿಸ್ ಮತ್ತು ಅವರ ಪತ್ನಿ ಇಬ್ಬರೂ ತೀರಿಕೊಂಡರು. ಒಬ್ಬರ ಸಾವಿಗೆ ಕಟ್ಟಿದ ರಾಗ ಕಟ್ಟಿದವರಿಗೇ ಬೇಕಾಯಿತು.

ಎರಡನೆಯ ತಪ್ಪು ಲೆಕ್ಕ ಮಗನದು. ಸ್ಪಾಫರ್ಡ್ ಅವರ ಒಬ್ಬನೇ ಮಗ ಬೆಂಕಿ ಬೀಳುವ ಮೊದಲೇ ತೀರಿಕೊಂಡಿದ್ದ ಎಂದು ಬಹಳ ಕಡೆ ಬರೆಯುತ್ತಾರೆ. ವಾಸ್ತವದಲ್ಲಿ ಮಗ ಹೊರೇಷಿಯೊ ಹುಟ್ಟಿದ್ದೇ 1875ರ ನವೆಂಬರ್‌ನಲ್ಲಿ, ಕಡಲು ನಾಲ್ವರನ್ನು ಕೊಂಡೊಯ್ದ ಎರಡು ವರ್ಷದ ಮೇಲೆ. 1878ರಲ್ಲಿ ಬರ್ತಾ ಹುಟ್ಟಿದರು. 1880ರ ಫೆಬ್ರುವರಿ 11ರಂದು ನಾಲ್ಕು ವರ್ಷದ ಮಗ ಸ್ಕಾರ್ಲೆಟ್ ಜ್ವರದಲ್ಲಿ ಹೋದ.

ಈ ತಾರೀಕು ಸಣ್ಣ ವಿಷಯವಲ್ಲ. ಮಗ ಮೊದಲೇ ಸತ್ತಿದ್ದರೆ, ಹಾಡು ಎಲ್ಲ ದುಃಖಗಳ ಕೊನೆಗೆ ಬಂದ ಪೂರ್ಣವಿರಾಮವಾಗುತ್ತಿತ್ತು. ಆದರೆ ಹಾಡು ಮೊದಲು ಬಂತು, ಐದನೆಯ ಸಾವು ಆಮೇಲೆ ಬಂತು. ತನ್ನ ಆತ್ಮ ಕ್ಷೇಮವಾಗಿದೆ ಎಂದು ಬರೆದುಕೊಟ್ಟವರು ಅದನ್ನು ಇನ್ನೊಮ್ಮೆ, ಇನ್ನೊಂದು ಮಗುವಿನ ಹಾಸಿಗೆಯ ಪಕ್ಕದಲ್ಲಿ ಹೇಳಬೇಕಾಯಿತು.

ಯಾವ ಪಾಪಕ್ಕೆ ಈ ಶಿಕ್ಷೆ?

ಆಗ ಸುತ್ತಲಿನವರಲ್ಲಿ ಗುಸುಗುಸು ಎದ್ದಿತು. ಇಷ್ಟೊಂದು ಪೆಟ್ಟು ಒಂದೇ ಮನೆಗೆ ಬೀಳಬೇಕಾದರೆ ಆ ಮನೆಯವರು ಏನೋ ಪಾಪ ಮಾಡಿರಬೇಕು, ದೇವರು ಶಿಕ್ಷಿಸುತ್ತಿದ್ದಾನೆ ಎಂದು ಚರ್ಚಿನವರೇ ಮಾತಾಡಿಕೊಂಡರು. ನಮ್ಮೂರುಗಳಲ್ಲಿ ಪೂರ್ವಜನ್ಮದ ಕರ್ಮ ಎಂದೋ, ಮನೆಗೆ ದೋಷವಿದೆ ಎಂದೋ ಹೇಳುವುದೂ ಇದೇ ಜಾತಿಯ ಮಾತು. ಬೈಬಲಿನಲ್ಲಿ ಯೋಬನ ಗೆಳೆಯರು ಮಾಡಿದ್ದೂ ಇದನ್ನೇ. ಮಕ್ಕಳನ್ನೆಲ್ಲ ಕಳೆದುಕೊಂಡವನ ಎದುರು ಕೂತು, ನಿನ್ನ ತಪ್ಪು ಏನೆಂದು ನೋಡಿಕೋ ಎಂದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.

ಸ್ಪಾಫರ್ಡ್ ದಂಪತಿ ಆ ಮಾತನ್ನು ಒಪ್ಪಲಿಲ್ಲ. ದೇವರು ಪ್ರೀತಿಯೇ ಆಗಿದ್ದರೆ, ಎರಡು ವರ್ಷದ ಕೂಸನ್ನು ನೀರಿಗೆ ಹಾಕಿ ತಂದೆಯ ಲೆಕ್ಕ ಚುಕ್ತಾ ಮಾಡುವವನಲ್ಲ ಎಂಬ ನಿಲುವಿಗೆ ಬಂದರು. ನಿತ್ಯ ನರಕದ ಬೋಧನೆಯನ್ನೂ ಸ್ಪಾಫರ್ಡ್ ಪ್ರಶ್ನಿಸಿದರು. ಚರ್ಚಿನವರಿಗೂ ಅವರಿಗೂ ದಾರಿ ಬೇರೆಯಾಯಿತು. ಮನೆಯಲ್ಲೇ ಗೆಳೆಯರ ಸಣ್ಣ ಗುಂಪೊಂದು ಸೇರಿ ಪ್ರಾರ್ಥಿಸತೊಡಗಿತು.

1881ರ ಆಗಸ್ಟ್‌ನಲ್ಲಿ ಆ ಗುಂಪಿನ 13 ಹಿರಿಯರು, 3 ಮಕ್ಕಳು ಷಿಕಾಗೊ ಬಿಟ್ಟು ಜೆರುಸಲೇಮಿಗೆ ಹೊರಟರು. ಅವರಲ್ಲಿ ಪುಟ್ಟ ಬರ್ತಾ, ಆ ವರ್ಷವೇ ಹುಟ್ಟಿದ್ದ ಗ್ರೇಸ್ ಇಬ್ಬರೂ ಇದ್ದರು. ನಾಲ್ಕು ಮಕ್ಕಳನ್ನು ನುಂಗಿದ ಕಡಲನ್ನು ಅನ್ನಾ ಮತ್ತೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ದಾಟಿದರು.

ಸ್ಪಾಫರ್ಡ್ ಅವರನ್ನು ಸಂತನನ್ನಾಗಿ ಮಾಡಬೇಕಿಲ್ಲ. ಷಿಕಾಗೊದಲ್ಲಿ ಅವರ ಸಾಲಗಳು ಉಳಿದಿದ್ದವು. ಸಾಲ ಕೊಟ್ಟವರಿಗೆ ಅವರ ಹಾಡಿನಿಂದ ಹಣ ವಾಪಸಾಗಲಿಲ್ಲ. ಜೆರುಸಲೇಮಿನಲ್ಲಿ ಕಟ್ಟಿದ ಸಮುದಾಯದಲ್ಲೂ ಎಲ್ಲವೂ ಸರಿಯಿರಲಿಲ್ಲ. ಸ್ಪಾಫರ್ಡ್ ಕಾಲದ ನಂತರ ಅನ್ನಾ ಮುಂದಾಳಾಗಿದ್ದಾಗ ಅಲ್ಲಿ ಎಷ್ಟೋ ವರ್ಷ ಮದುವೆಗೇ ತಡೆಯಿತ್ತು. ದುಃಖ ಮನುಷ್ಯನನ್ನು ತಾನಾಗಿ ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಇದನ್ನು ಮುಚ್ಚಿಟ್ಟು ಹೇಳಿದರೆ ಉಳಿದ ಮಾತಿಗೂ ಬೆಲೆಯಿರುವುದಿಲ್ಲ.

ಕೈಗೆ ಬಂದ ಕೆಲಸ

ಹಳೆ ಪಟ್ಟಣದ ಗೋಡೆಗೆ ಅಂಟಿಕೊಂಡಂತೆ, ದಮಾಸ್ಕಸ್ ಬಾಗಿಲಿನ ಹತ್ತಿರ ಒಂದು ಮನೆ ಹಿಡಿದರು. ಅಕ್ಕಪಕ್ಕದಲ್ಲಿ ಮುಸ್ಲಿಮರು, ಯಹೂದ್ಯರು, ಅರಬ್ ಕ್ರೈಸ್ತರು. ಮತಾಂತರ ಮಾಡಿಸುವ ಉಸಾಬರಿಗೆ ಹೋಗದೆ, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವುದು, ಹಸಿದವರಿಗೆ ಊಟ ಕೊಡುವುದು, ಬಂದವರಿಗೆ ಬಾಗಿಲು ತೆರೆಯುವುದು ಅವರ ದಿನಚರಿಯಾಯಿತು. 1882ರಲ್ಲಿ ಯೆಮನ್‌ನಿಂದ ಬಂದ ಬಡ ಯಹೂದ್ಯರು ಇರಲು ಜಾಗವಿಲ್ಲದೆ ಪರದಾಡುತ್ತಿದ್ದಾಗ ಇವರು ನೆರವಾದರು. ಊರಿನವರು ಅವರನ್ನು ಅಮೆರಿಕನ್ ಕಾಲೊನಿಯವರು ಎಂದು ಕರೆದರು.

ಸ್ಪಾಫರ್ಡ್ ದಂಪತಿ ಜೇಕಬ್ ಎಲಿಯಾಹು ಎಂಬ ಹುಡುಗನನ್ನು ಮಗನಾಗಿ ಸ್ವೀಕರಿಸಿದರು. ಜೆರುಸಲೇಮಿನ ಪ್ರಾಚೀನ ನೀರಿನ ಸುರಂಗದಲ್ಲಿ ಆಡುತ್ತಾ ಹೋಗಿ, ಹಳೆಯ ಹೀಬ್ರೂ ಅಕ್ಷರಗಳ ಸಿಲೋವ ಶಾಸನವನ್ನು 1880ರಲ್ಲಿ ಮೊದಲು ಕಂಡವನು ಈ ಹುಡುಗನೇ. ಐವರನ್ನು ಕಳೆದುಕೊಂಡ ಮನೆಯಲ್ಲಿ ಮತ್ತೆ ಮಕ್ಕಳ ಸದ್ದು ಕೇಳಿಸಿತು.

1888ರಲ್ಲಿ, 60 ತುಂಬುವ ಮುನ್ನವೇ, ಸ್ಪಾಫರ್ಡ್ ಮಲೇರಿಯಾದಿಂದ ಜೆರುಸಲೇಮಿನಲ್ಲಿ ತೀರಿಕೊಂಡರು. ಹುಟ್ಟಿದ ಊರಿನಿಂದ ಅಷ್ಟು ದೂರದ ಮಣ್ಣಿನಲ್ಲೇ ಅವರನ್ನು ಹೂಳಿದರು.

ಅನ್ನಾ ಇನ್ನೂ 35 ವರ್ಷ ಬದುಕಿದರು. 1896ರಲ್ಲಿ ಸ್ವೀಡನ್ ಮೂಲದ ಅನೇಕ ಕುಟುಂಬಗಳು ಬಂದು ಸೇರಿ ಕಾಲೊನಿ ದೊಡ್ಡದಾಯಿತು. ಮುಂದೆ ನೊಬೆಲ್ ಪಡೆದ ಲೇಖಕಿ ಸೆಲ್ಮಾ ಲಾಗರ್‌ಲಾಫ್ ತಮ್ಮ ‘ಜೆರುಸಲೇಮ್’ ಕಾದಂಬರಿಗೆ ಎತ್ತಿಕೊಂಡದ್ದು ಈ ಜನರ ವಲಸೆಯ ವಸ್ತುವನ್ನೇ. ಮೊದಲ ಮಹಾಯುದ್ಧದಲ್ಲಿ ಮಿಡತೆ ಹಾವಳಿ, ಬರ, ಟೈಫಸ್ ಜ್ವರ ಒಂದರ ಹಿಂದೆ ಒಂದು ಬಂದಾಗ ಕಾಲೊನಿಯವರು ಗಂಜಿ ಕೇಂದ್ರ ತೆರೆದು ಸಾವಿರಾರು ಜನರ ಹೊಟ್ಟೆ ತುಂಬಿಸಿದರು. ಗಾಯಗೊಂಡ ಸೈನಿಕರ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದರು. ತುರ್ಕಿಯವರೋ ಬ್ರಿಟಿಷರೋ ಎಂದು ಕೇಳಲಿಲ್ಲ. 1917ರ ಡಿಸೆಂಬರ್‌ನಲ್ಲಿ ಜೆರುಸಲೇಮ್ ಶರಣಾದಾಗ ಹಿಡಿದ ಬಿಳಿ ಬಾವುಟ ಇವರ ಆಸ್ಪತ್ರೆಯ ಹಾಸಿಗೆ ಬಟ್ಟೆಯಿಂದ ಮಾಡಿದ್ದು. 1923ರಲ್ಲಿ ಅನ್ನಾ ಕಣ್ಣು ಮುಚ್ಚಿದರು.

ಉಳಿದವರು ಏನು ಮಾಡಬೇಕು?

ಹೊರದೇಶದಲ್ಲಿ ಲೆಕ್ಕಪತ್ರ ನೋಡುವ ನನ್ನಂಥವರಿಗೆ ಆಗಾಗ ಒಂದು ಕೆಲಸ ಬರುತ್ತದೆ. ಸಹೋದ್ಯೋಗಿಯೊಬ್ಬರು ಹಠಾತ್ತಾಗಿ ತೀರಿಕೊಂಡರೆ ಅವರ ಬಾಕಿ ಸಂಬಳ, ಉಳಿದ ರಜೆಯ ಹಣ, ಗ್ರಾಚ್ಯುಯಿಟಿ ಎಲ್ಲವನ್ನೂ ಕೂಡಿಸಿ ಮನೆಯವರಿಗೆ ತಲುಪಿಸುವ ಕೆಲಸ. ಆ ಹಾಳೆಯ ಕೆಳಗೆ ಒಂದು ಮೊತ್ತ ಬರುತ್ತದೆ, ಸಹಿ ಬೀಳುತ್ತದೆ. ಆದರೆ ಆ ಹಣ ಬಂದ ಮೇಲೂ ಊರಿನ ಮನೆಯಲ್ಲಿ ಬೆಳಿಗ್ಗೆ ಏಳಬೇಕು, ಒಲೆ ಹಚ್ಚಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು. ಅದಕ್ಕೆ ಬೇಕಾದ ಬಲ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನನ್ನ ಹಾಳೆಯಲ್ಲಿ ಕಾಲಂ ಇಲ್ಲ.

ಸ್ಪಾಫರ್ಡ್ ಕುಟುಂಬಕ್ಕೆ ಅದು ಬಂದದ್ದು ಎರಡು ಕಡೆಯಿಂದ ಎಂದು ನನಗೆ ಅನ್ನಿಸುತ್ತದೆ. ಸತ್ತವರು ದೇವರ ಕೈಯಲ್ಲಿದ್ದಾರೆ, ಮತ್ತೆ ನೋಡುತ್ತೇವೆ ಎಂಬ ನಿರೀಕ್ಷೆ ಒಂದು. ಆ ನಿರೀಕ್ಷೆ ಇದ್ದುದರಿಂದ ಸತ್ತವರಿಗಾಗಿ ದೇವರೊಡನೆ ಪ್ರತಿದಿನ ವ್ಯಾಜ್ಯ ಹೂಡುವ ಅಗತ್ಯ ಅವರಿಗೆ ಬೀಳಲಿಲ್ಲ. ಬಾಗಿಲಿಗೆ ಬಂದ ಬದುಕಿರುವವರ ಕೆಲಸ ಇನ್ನೊಂದು. ಪರಲೋಕದ ಭರವಸೆ ಇಹಲೋಕದ ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ದೂರುವವರಿದ್ದಾರೆ. ಈ ಮನೆಯಲ್ಲಿ ಅದು ಹಾಗಾಗಲಿಲ್ಲ. ಒಂದು ಮತ್ತೊಂದನ್ನು ಹಿಡಿದು ನಿಲ್ಲಿಸಿತು.

ತಾಯಿ ತೀರಿದ ಎರಡು ವರ್ಷದ ಮೇಲೆ, 1925ರ ಕ್ರಿಸ್‌ಮಸ್ ಹಿಂದಿನ ದಿನ, ಬರ್ತಾ ಬೆತ್ಲೆಹೇಮಿನ ಕಡೆ ಕ್ರಿಸ್‌ಮಸ್ ಹಾಡು ಹಾಡಲು ಹೊರಟಿದ್ದರು. ದಾರಿಯಲ್ಲಿ ಒಬ್ಬ ಹಳ್ಳಿಯವನು ಎದುರಾದ. ಜೊತೆಗೆ ಕಾಯಿಲೆಯಿಂದ ನರಳುತ್ತಿದ್ದ ಹೆಂಡತಿ, ಆಗಷ್ಟೇ ಹುಟ್ಟಿದ ಕೂಸು. ಬರ್ತಾ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಆ ರಾತ್ರಿಯೇ ಅವಳು ತೀರಿಕೊಂಡಳು. ಮರುದಿನ ಗಂಡ ಕೂಸನ್ನು ತಂದು, ಮನೆಗೆ ಕೊಂಡುಹೋದರೆ ಉಳಿಯುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಬೇಡಿಕೊಂಡ. ಬರ್ತಾ ಇಟ್ಟುಕೊಂಡರು, ನೋಯಲ್ ಎಂದು ಹೆಸರಿಟ್ಟರು. ಆ ಕೂಸಿನ ಹಿಂದೆಯೇ ಇನ್ನಷ್ಟು ಕೂಸುಗಳು ಬಂದವು. ಗೋಡೆಗೆ ಅಂಟಿಕೊಂಡ ಆ ಹಳೆಯ ಮನೆ ತಾಯಿಯ ಹೆಸರಿನಲ್ಲಿ ಶಿಶುಗೃಹವಾಯಿತು.

ಜೆರುಸಲೇಮಿನ ಹಳೆ ಪಟ್ಟಣದಲ್ಲಿ ಅದು ಈಗ ಸ್ಪಾಫರ್ಡ್ ಮಕ್ಕಳ ಕೇಂದ್ರ ಎಂಬ ಹೆಸರಿನಲ್ಲಿದೆ. ನಾಲ್ಕು ಹೆಣ್ಣುಮಕ್ಕಳಿಗೆ ಗೋರಿ ಇಲ್ಲ. ಅವರು ಕಾಣದ ಊರಿನಲ್ಲಿ, ಅವರ ಅಪ್ಪನ ಹೆಸರಿನ ಬಾಗಿಲಿಗೆ ಬೇರೆಯವರ ಮಕ್ಕಳು ಇಂದಿಗೂ ಬರುತ್ತಾರೆ.